ಬರೆದು ಮುಗಿಸುವ ಮೊದಲೇ ತಪ್ಪೆನ್ನಬಹುದೆ?

ಪ್ರಶ್ನೆ: ನಮ್ಮೂರಿನ ಅಡಿಕೆ ಬೆಳೆಗಾರರ ಸಂಘವೊಂದರ ಸದಸ್ಯರು ಮೊಬೈಲಿನಲ್ಲೇ ತುಂಬಬಹುದಾದ ಅರ್ಜಿ ನಮೂನೆಯನ್ನು ಸಿದ್ಧಪಡಿಸಿದ್ದೇನೆ. ಫೋನ್ ಸಂಖ್ಯೆಯ ಮೊದಲ ಅಂಕಿ ಒತ್ತುತ್ತಲೇ ‘ತಪ್ಪು ಸಂಖ್ಯೆ’ ಎಂಬ ಕೆಂಪಕ್ಷರ ಮೂಡುವುದರಿಂದ ಹಿರಿಯರು ಗಾಬರಿಯಾಗಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅಲ್ಲದೆ ‘ರಮಣ’ ಎಂಬ ಹೆಸರನ್ನು ಒಪ್ಪುವ ನಮೂನೆ ‘ಗಣಪತಿ’ಯನ್ನು ಒಪ್ಪುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಪ್ರತಿ ಕೀಲಿಗೂ ನಡೆಯುವ ‘ಇನ್‌ಪುಟ್’ ಈವೆಂಟ್‌ನಲ್ಲೇ (ಬ್ರೌಸರ್ ಗುರುತಿಸುವ ಘಟನೆಯಲ್ಲೇ) ತೀರ್ಪು ಕೊಡುತ್ತಿದ್ದೀರಿ. ಹತ್ತು ಅಂಕಿಗಳ ಸಂಖ್ಯೆ ಒಂಬತ್ತನೆಯ ಅಂಕಿಯವರೆಗೂ ಅಪೂರ್ಣವೇ ಹೊರತು ತಪ್ಪಲ್ಲ. ಬರೆಯುವವರು ಆ ಪೆಟ್ಟಿಗೆಯನ್ನು ಬಿಟ್ಟು ಮುಂದೆ ಹೋದಾಗ, ಅಂದರೆ ‘ಬ್ಲರ್’ ಈವೆಂಟ್‌ನಲ್ಲಿ, ಮೊದಲ ಬಾರಿ ಪರೀಕ್ಷಿಸಿ. ಒಮ್ಮೆ ತಪ್ಪು ತೋರಿಸಿದ ಮೇಲೆ ಮಾತ್ರ ಪ್ರತಿ ಕೀಲಿಗೂ ನೋಡುತ್ತಿದ್ದು, ಸರಿಯಾದ ಕ್ಷಣವೇ ಕೆಂಪಕ್ಷರವನ್ನು ಅಳಿಸಿ. ‘ತಪ್ಪು’ ಎಂದಷ್ಟೇ ಹೇಳದೆ, ‘ಪಿನ್‌ಕೋಡ್‌ಗೆ 6 ಅಂಕಿ ಬೇಕು, ಇಲ್ಲಿ 5 ಇವೆ’ ಎಂದು ತಿಳಿಸಿ.

ಹೆಸರಿನ ತೊಂದರೆಯ ಮೂಲ, ಎಲ್ಲ ಭಾಷೆಗಳ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿದೆ. ಅಲ್ಲಿ ಸ್ವರ, ವ್ಯಂಜನಗಳು ಅಕ್ಷರಗಳೆಂಬ ವರ್ಗಕ್ಕೆ ಸೇರಿದರೆ, ಗುಣಿತದ ಚಿಹ್ನೆಗಳೂ ಒತ್ತಕ್ಷರ ಕೂಡಿಸುವ ಹಲಂತವೂ ಬೇರೊಂದು ವರ್ಗಕ್ಕೆ ಸೇರುತ್ತವೆ. ನಿಮ್ಮ ನಿಯಮ ಮೊದಲ ವರ್ಗವನ್ನಷ್ಟೇ ಒಪ್ಪುವಂತೆ ಕಾಣುತ್ತದೆ. ಗುಣಿತವೇ ಇಲ್ಲದ ‘ರಮಣ’ ಪಾರಾಗಿ, ‘ಗಣಪತಿ’ಯ ಕೊನೆಯ ಗುಡಿಸು ಸಿಕ್ಕಿಬೀಳುವುದು ಅದರಿಂದಲೇ. ಎರಡೂ ವರ್ಗಗಳನ್ನು ಸೇರಿಸಬಹುದು. ಆದರೆ ಇನಿಷಿಯಲ್ಲಿನ ಚುಕ್ಕೆ, ನಡುವಿನ ಜಾಗ ಎಂದು ಪಟ್ಟಿ ಬೆಳೆಯುತ್ತಲೇ ಹೋಗುವುದರಿಂದ, ಹೆಸರಿನ ಪೆಟ್ಟಿಗೆ ಖಾಲಿಯಿಲ್ಲವೆಂದು ನೋಡಿದರೆ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಮ್ಮ ಹೆಸರೇ ತಪ್ಪೆಂದು ಯಾರಿಗೂ ಅನ್ನಿಸಬಾರದು.

ಅಂಕಿಗಳಲ್ಲೂ ಇದೇ ಎಚ್ಚರ ಬೇಕು. ಯಾರಾದರೂ ಪಿನ್‌ಕೋಡನ್ನು ೫೮೧೪೦೧ ಎಂದು ಕನ್ನಡ ಅಂಕಿಯಲ್ಲಿ ಬರೆದರೆ, ಬ್ರೌಸರ್‌ನಲ್ಲಿ ನಡೆಯುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಅಂಕಿ ನಿಯಮ ಅದನ್ನು ಗುರುತಿಸುವುದಿಲ್ಲ. ತಿರಸ್ಕರಿಸದೆ 581401 ಎಂದು ನೀವೇ ಪರಿವರ್ತಿಸಿಕೊಳ್ಳಿ. ತೋಟದ ಸರ್ವೆ ನಂಬರಿನಲ್ಲಿ ಹಿಸ್ಸಾ ಇದ್ದರೆ ಓರೆಗೆರೆಯೂ ಅಕ್ಷರವೂ ಬರುತ್ತವೆಯಾದ್ದರಿಂದ ಅಲ್ಲಿ ಅಂಕಿಗಳೇ ಇರಬೇಕೆಂಬ ಷರತ್ತು ಬೇಡ.

ಬ್ರೌಸರ್‌ನ ತಪಾಸಣೆಯನ್ನು ದಾಟಿ ಮಾಹಿತಿ ಕಳುಹಿಸಲು ಸಾಧ್ಯವಿರುವುದರಿಂದ ಅವೇ ನಿಯಮಗಳು ಸರ್ವರಿನಲ್ಲೂ (ಅರ್ಜಿಗಳನ್ನು ಸ್ವೀಕರಿಸುವ ಕಂಪ್ಯೂಟರಿನಲ್ಲೂ) ಇರಲೇಬೇಕು. ಸದಸ್ಯತ್ವ ಸಂಖ್ಯೆ ಈಗಾಗಲೇ ದಾಖಲಾಗಿದೆಯೇ ಎಂಬುದನ್ನಂತೂ ಸರ್ವರೇ ಹೇಳಬೇಕು. ಘಟ್ಟದ ತೋಟಗಳಲ್ಲಿ ಸಿಗ್ನಲ್ ಬಂದು ಹೋಗುವಂಥದಾದ್ದರಿಂದ, ಹಳೆಯ ಸಂಖ್ಯೆಯ ಉತ್ತರ ತಡವಾಗಿ ಬಂದು ತಿದ್ದಿದ ಸಂಖ್ಯೆಯ ಕೆಳಗೆ ಕೂರದಂತೆ, ಪೆಟ್ಟಿಗೆಯಲ್ಲಿ ಈಗಿರುವ ಸಂಖ್ಯೆಗೆ ಬಂದ ಉತ್ತರವನ್ನು ಮಾತ್ರ ತೋರಿಸಿ.