ಪೆನ್‌ಡ್ರೈವ್ ಅದೇ, ಲ್ಯಾಪ್‌ಟಾಪ್ ಹೊಸದು: ನೋಟ್‌ಪ್ಯಾಡ್++ ಪ್ಲಗಿನ್‌ಗಳು ಯಾಕೆ ಲೋಡ್ ಆಗಲ್ಲ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ. ಹಾಗಾಗಿ ಅದೊಂದಕ್ಕೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಹೊಸಬರಿಗೆ: ನೋಟ್‌ಪ್ಯಾಡ್++ ಅಂದರೆ ಪಠ್ಯ, ಕೋಡ್ ಬರೆದು ತಿದ್ದುವ ಪ್ರೋಗ್ರಾಂ; ಪೋರ್ಟಬಲ್ ಅಂದರೆ ಇನ್‌ಸ್ಟಾಲ್ ಮಾಡದೆ ಝಿಪ್ ಬಿಚ್ಚಿ ಓಡಿಸುವ ರೂಪ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಝಿಪ್ ಬಿಚ್ಚುವುದು ಹೇಗೆ ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಸರ್, ನೋಟ್‌ಪ್ಯಾಡ್++ ಪೋರ್ಟಬಲ್ ಅನ್ನು ತುಂಬಾ ವರ್ಷದಿಂದ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಬಳಸುತ್ತಿದ್ದೇನೆ. ಈಗ ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ತಗೊಂಡೆ. ಆರ್ಮ್64 ಝಿಪ್ ಇಳಿಸಿ, ಹಳೆಯ ಪ್ಲಗಿನ್ಸ್ ಫೋಲ್ಡರನ್ನು ಹಾಗೇ ಕಾಪಿ ಮಾಡಿದೆ. ಒಂದೂ ಲೋಡ್ ಆಗುತ್ತಿಲ್ಲ. ವಿಂಡೋಸ್ ಮತ್ತೆ ಹಾಕಬೇಕು ಅಂತಾರೆ ರಿಪೇರಿ ಅಂಗಡಿಯವರು. ಹೌದಾ? (ಮೈಸೂರಿನಿಂದ)

ಇಲ್ಲ. ಆ ದುಡ್ಡು ಜೇಬಲ್ಲೇ ಇರಲಿ. ವಿಂಡೋಸ್ ಹತ್ತು ಸಲ ಹಾಕಿದರೂ ಆ ಪ್ಲಗಿನ್‌ಗಳು ಲೋಡ್ ಆಗುವುದಿಲ್ಲ. ಏನು ಕೇಳಿದರೂ "ವಿಂಡೋಸ್ ಹಾಕಬೇಕು" ಅನ್ನುವವರ ಹತ್ತಿರ ಮೆಷಿನ್ ಕೊಡಲೇಬೇಡಿ.

ಪ್ಲಗಿನ್ ಅಂದರೆ ನೋಟ್‌ಪ್ಯಾಡ್++ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಒಂದು ಡಿಎಲ್‌ಎಲ್ ಫೈಲ್. ಅದರೊಳಗೆ ಇರುವುದು ಯಾವುದೋ ಒಂದು ಪ್ರೊಸೆಸರ್‌ಗೆ ಅಂತಲೇ ಕಂಪೈಲ್ ಆದ ಕೋಡ್. ನಿಮ್ಮ ಹಳೆಯವು ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಎಕ್ಸ್64 ಜಾತಿಗೆ ಆದವು; ಸ್ನಾಪ್‌ಡ್ರಾಗನ್ನಿನದು ಆರ್ಮ್64 ಅನ್ನುವ ಬೇರೆಯೇ ಜಾತಿ. ಆರ್ಮ್64 ನೋಟ್‌ಪ್ಯಾಡ್++ ಅವನ್ನು ತನ್ನೊಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಇಷ್ಟು ಹೇಳಿದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ವಿಂಡೋಸ್ 11ರಲ್ಲಿ ಎಮ್ಯುಲೇಶನ್ ಇದೆ ಅಲ್ವಾ ಸರ್?" ಇದೆ. ಬೇರೆ ಜಾತಿಯ ಪ್ರೊಸೆಸರಿನ ಕೋಡನ್ನು ಅನುವಾದಿಸಿ ಓಡಿಸುವುದೇ ಎಮ್ಯುಲೇಶನ್. ಆದರೆ ಅದು ನಿರ್ಧಾರವಾಗುವುದು ಪ್ರೋಗ್ರಾಂ ಶುರುವಾಗುವಾಗ, ಇಡೀ ಪ್ರೋಗ್ರಾಂಗೆ ಸೇರಿಸಿ. ಎಕ್ಸ್64 ನೋಟ್‌ಪ್ಯಾಡ್++ ತೆರೆದರೆ ಅದೂ ಅದರ ಎಕ್ಸ್64 ಪ್ಲಗಿನ್‌ಗಳೂ ಒಟ್ಟಿಗೇ ಎಮ್ಯುಲೇಶನ್ನಿನಲ್ಲಿ ಓಡುತ್ತವೆ. ಆರ್ಮ್64 ತೆರೆದರೆ ಆರ್ಮ್64 ಪ್ಲಗಿನ್‌ಗಳು ಮಾತ್ರ. ಬೆರಕೆ ನಡೆಯುವುದಿಲ್ಲ. ಇದೇನು ಹೊಸ ಕಾಟವೂ ಅಲ್ಲ. 2016ರಲ್ಲಿ 7ನೇ ಆವೃತ್ತಿಯ ಜೊತೆ 64 ಬಿಟ್ ಬಂದಾಗಲೂ 32 ಬಿಟ್ ಪ್ಲಗಿನ್ ಇಟ್ಟುಕೊಂಡವರು ಹೀಗೇ ಪತ್ರ ಬರೆದಿದ್ದರು.

ಮೊದಲು ಮೆಷಿನ್ ಯಾವುದು ಅಂತ ಕಣ್ಣಾರೆ ನೋಡಿ, ಅಂಗಡಿಯವರು ಹೇಳಿದ್ದನ್ನು ನಂಬಬೇಡಿ. ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್. ಅಲ್ಲಿ ಸಿಸ್ಟಂ ಟೈಪ್ ಎದುರು "ಆರ್ಮ್ ಬೇಸ್ಡ್ ಪ್ರೊಸೆಸರ್" ಅಂತ ಇರಬೇಕು. ವಿಂಡೋಸ್ 11 ಇದ್ದರೆ 32 ಬಿಟ್, ಎಕ್ಸ್64, ಆರ್ಮ್64 ಈ ಮೂರು ಝಿಪ್‌ಗಳಲ್ಲಿ ಯಾವುದಾದರೂ ಓಡುತ್ತದೆ. ಹಳೆಯ ಆರ್ಮ್ ಲ್ಯಾಪ್‌ಟಾಪಿನಲ್ಲಿ ಇನ್ನೂ ವಿಂಡೋಸ್ 10 ಇಟ್ಟುಕೊಂಡಿದ್ದರೆ ಮಾತ್ರ ಎಚ್ಚರ. ಅದು 32 ಬಿಟ್ ಎಕ್ಸ್86 ಅನ್ನಷ್ಟೇ ಎಮ್ಯುಲೇಟ್ ಮಾಡುತ್ತದೆ, ಎಕ್ಸ್64 ಓಡುವುದಿಲ್ಲ.

ಹಾಗಾದರೆ ಯಾವುದು ಹಾಕಲಿ? ನೀವು ದಿನಾ ಬಳಸುವ ಪ್ಲಗಿನ್‌ಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆರ್ಮ್64 ನೋಟ್‌ಪ್ಯಾಡ್++ ತೆರೆದು ಪ್ಲಗಿನ್ಸ್ ಮೆನುವಿನಲ್ಲಿರುವ ಪ್ಲಗಿನ್ಸ್ ಅಡ್ಮಿನ್ ನೋಡಿ. ಅದು ಆ ಆರ್ಕಿಟೆಕ್ಚರ್‌ಗೆ (ಪ್ರೊಸೆಸರ್ ಜಾತಿಗೆ) ಇರುವ ಪ್ಲಗಿನ್‌ಗಳನ್ನಷ್ಟೇ ತೋರಿಸುತ್ತದೆ, ಎಕ್ಸ್64ಗಿಂತ ಪಟ್ಟಿ ಚಿಕ್ಕದು. ಚೀಟಿಯಲ್ಲಿ ಇರುವುದೆಲ್ಲ ಸಿಕ್ಕರೆ ಆರ್ಮ್64 ಇಟ್ಟುಕೊಳ್ಳಿ. ಒಂದು ಮುಖ್ಯವಾದದ್ದು ಸಿಗಲಿಲ್ಲ ಅಂದರೆ ಸುಮ್ನೆ ಎಕ್ಸ್64 ಹಾಕಿ. ಹೊಸ ಲ್ಯಾಪ್‌ಟಾಪ್ ತಗೊಂಡು ಎಮ್ಯುಲೇಶನ್ನಿನಲ್ಲಿ ಓಡಿಸುವುದು ಅವಮಾನ ಅನ್ನುವ ಹಾಗೆ ಬರೆಯುತ್ತಾರೆ ಕೆಲವರು. ಟೈಪ್ ಮಾಡುವಾಗ ನಿಮಗೆ ಏನೂ ಗೊತ್ತಾಗುವುದಿಲ್ಲ, ಸ್ವಾಮಿ. ವಿಂಡೋಸ್ ಒಮ್ಮೆ ಅನುವಾದಿಸಿದ ಕೋಡನ್ನು ಉಳಿಸಿಟ್ಟುಕೊಳ್ಳುತ್ತದೆ, ಹಾಗಾಗಿ ಮೊದಲ ಸಲ ತೆರೆಯುವಾಗ ಸ್ವಲ್ಪ ನಿಧಾನ ಅನ್ನಿಸಬಹುದು, ಅಷ್ಟೇ. ನೂರಾರು ಎಂಬಿಯ ಲಾಗ್ ಫೈಲ್‌ಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪದದ ಬದಲು ಅಕ್ಷರಗಳ ಮಾದರಿ) ಹಾಕಿ ಹುಡುಕುವವರಿಗೆ ಆರ್ಮ್64ರ ಲಾಭ ಸಿಗುತ್ತದೆ. ಬ್ಯಾಟರಿ ಲೆಕ್ಕ ಹಾಕುವವರಿಗೂ ಸ್ವಲ್ಪ.

ಇನ್ನು ಫೋಲ್ಡರ್ ಕಟ್ಟುವ ವಿಷಯ. ಹಳೆಯ ಫೋಲ್ಡರಿನ ಮೇಲೆ ಹೊಸ ಝಿಪ್ ಬಿಚ್ಚಬೇಡಿ. ಝಿಪ್ಪಿನೊಳಗೇ ಕಾನ್ಫಿಗ್, ಶಾರ್ಟ್‌ಕಟ್ಸ್ ಅನ್ನುವ ಎಕ್ಸ್‌ಎಂಎಲ್ ಫೈಲ್‌ಗಳು ಇರುತ್ತವೆ, ಅವು ನಿಮ್ಮದರ ಮೇಲೆ ಕೂತು ವರ್ಷಗಟ್ಟಲೆ ಮಾಡಿಕೊಂಡ ಮ್ಯಾಕ್ರೋಗಳು ಗೋವಿಂದ. ಹೊಸ ಫೋಲ್ಡರ್ ಮಾಡಿ, ಆರ್ಕಿಟೆಕ್ಚರ್ ಹೆಸರನ್ನೇ ಅದಕ್ಕಿಡಿ. ಹಳೆಯದರಿಂದ ಕಾನ್ಫಿಗ್, ಶಾರ್ಟ್‌ಕಟ್ಸ್, ಸ್ಟೈಲರ್ಸ್, ಕಾಂಟೆಕ್ಸ್ಟ್ ಮೆನು ಇವುಗಳ ಎಕ್ಸ್‌ಎಂಎಲ್‌ಗಳನ್ನು ತನ್ನಿ. ಯಾವುದಾದರೂ ಕೋಡ್ ಭಾಷೆಗೆ ನಿಮ್ಮದೇ ಬಣ್ಣಗಳನ್ನು ಮಾಡಿಕೊಂಡಿದ್ದರೆ "ಯೂಸರ್ ಡಿಫೈನ್ ಲ್ಯಾಂಗ್ಸ್" ಫೋಲ್ಡರನ್ನೂ ತನ್ನಿ. ಇವೆಲ್ಲ ಬರೀ ಪಠ್ಯ, ಯಾವ ಪ್ರೊಸೆಸರ್ ಆದರೂ ಓದುತ್ತದೆ. ಡಿಎಲ್‌ಎಲ್ ಮಾತ್ರ ಒಂದನ್ನೂ ತರಬೇಡಿ, ಪ್ಲಗಿನ್ಸ್ ಅಡ್ಮಿನ್‌ನಿಂದ ಹೊಸದಾಗಿ ಹಾಕಿಕೊಳ್ಳಿ. ಕೈಯಿಂದಲೇ ಹಾಕುವ ಹಠ ಇದ್ದರೆ, ಪ್ಲಗಿನ್ಸ್ ಒಳಗೆ ಡಿಎಲ್‌ಎಲ್‌ನ ಹೆಸರಿನದ್ದೇ ಒಂದು ಉಪಫೋಲ್ಡರ್ ಇರಬೇಕು. 7.6ರಿಂದ ಇದೇ ನಿಯಮ.

ಝಿಪ್ಪಿನಲ್ಲಿ "ಡು ಲೋಕಲ್ ಕಾನ್ಫ್" ಅನ್ನುವ ಹೆಸರಿನ ಒಂದು ಎಕ್ಸ್‌ಎಂಎಲ್ ಇದೆ, ಗಾತ್ರ 0. ಖಾಲಿ ಫೈಲ್, ಕಸ ಅಂದುಕೊಂಡು ಅಳಿಸಿಹಾಕುವ ಮಹಾಶಯರು ಇದ್ದಾರೆ! ಪೋರ್ಟಬಲ್ ಆಗುವುದೇ ಅದರಿಂದ. ಅದು ಇದ್ದರೆ ಸೆಟ್ಟಿಂಗ್‌ಗಳು ಪೆನ್‌ಡ್ರೈವಿನಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ಆಯಾ ಕಂಪ್ಯೂಟರಿನ ಆಪ್‌ಡೇಟಾ ಫೋಲ್ಡರಿಗೆ ಹೋಗುತ್ತವೆ, ಮರುದಿನ ಆಫೀಸಿನಲ್ಲಿ ತೆರೆದರೆ ಎಲ್ಲ ಹೊಸದರ ಹಾಗೆ. ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಟ್ಟರೂ ಆ ಫೈಲಿಗೆ ಬೆಲೆ ಇಲ್ಲ.

ಎಲ್ಲ ಸರಿಯಾಯಿತಾ ಅಂತ ನೋಡಲು ಮೆನುವಿನ ಕೊನೆಯಲ್ಲಿರುವ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಡೀಬಗ್ ಇನ್ಫೋ ತೆರೆಯಿರಿ. ಮೊದಲ ಸಾಲಿನಲ್ಲಿ ಆವೃತ್ತಿಯ ಪಕ್ಕ ಆರ್ಕಿಟೆಕ್ಚರ್ ಇರುತ್ತದೆ, ಕೆಳಗೆ "ಲೋಕಲ್ ಕಾನ್ಫ್ ಮೋಡ್: ಆನ್" ಇರಬೇಕು, ಕೊನೆಯಲ್ಲಿ ಲೋಡ್ ಆದ ಪ್ಲಗಿನ್‌ಗಳ ಪಟ್ಟಿ. ಪತ್ರ ಬರೆಯುವ ಮೊದಲು ಇದನ್ನು ಕಾಪಿ ಮಾಡಿ ಕಳಿಸಿದರೆ ನನ್ನ ಅರ್ಧ ಕೆಲಸ ಉಳಿಯುತ್ತದೆ. ಯಾರೂ ಕಳಿಸುವುದಿಲ್ಲ, ಸ್ಕ್ರೀನಿನ ಫೋಟೋ ಕಳಿಸುತ್ತಾರೆ, ಅದೂ ವಾರೆಯಾಗಿ.

ಯಾವುದೋ ಡಿಎಲ್‌ಎಲ್ ಯಾವ ಜಾತಿಯದು ಅಂತ ಗೊತ್ತಾಗದಿದ್ದರೆ, ಅದರ ಒಂದು ಕಾಪಿಯನ್ನು ನೋಟ್‌ಪ್ಯಾಡ್++ನಲ್ಲೇ ತೆರೆಯಿರಿ. ಎನ್‌ಕೋಡಿಂಗ್ ಮೆನುವಿನಲ್ಲಿ ಆನ್ಸಿ ಆರಿಸಿ. ಮೊದಲ ಕೆಲವು ಸಾಲುಗಳಲ್ಲೇ ಇಂಗ್ಲಿಷಿನ ದೊಡ್ಡಕ್ಷರ ಪಿ, ಇ ಒಟ್ಟಿಗೆ ಇರುತ್ತವೆ, ಅವು ಆದ ಕೂಡಲೇ ಎರಡು ನಲ್ (ಸೊನ್ನೆ ಬೈಟ್) ಗುರುತು. ಅದಾದ ಮೇಲೆ ದೊಡ್ಡಕ್ಷರ ಎಲ್ ಬಂದರೆ 32 ಬಿಟ್. ಚಿಕ್ಕಕ್ಷರ ಡಿ ಬಂದು ಪಕ್ಕದಲ್ಲಿ ಕಠಾರಿಯಂಥ ಶಿಲುಬೆ ಇದ್ದರೆ ಎಕ್ಸ್64, ಮೇಲಕ್ಕೆ ಏರಿದ ಪುಟ್ಟ ಎ ಇದ್ದರೆ ಆರ್ಮ್64. ನೋಡಿ, ಮುಚ್ಚಿ. ಸೇವ್ ಮಾತ್ರ ಒತ್ತಬೇಡಿ.

ಪ್ರಶ್ನೆ: 64 ಬಿಟ್ ಹಾಕಿದರೆ ಎರಡು ಪಟ್ಟು ಸ್ಪೀಡ್ ಅಂತೆ?

ಅಲ್ಲ. 2 ಜಿಬಿಗಿಂತ ದೊಡ್ಡ ಫೈಲ್ ತೆರೆಯಬೇಕಾದರೆ 64 ಬಿಟ್, ಅದೂ 8.3 ಅಥವಾ ಆಮೇಲಿನದು ಬೇಕು. ಸ್ಪೀಡಿನ ಮಾತು ಯೂಟ್ಯೂಬ್‌ನವರ ಕಥೆ.

ಪ್ರಶ್ನೆ: ಹೋಸ್ಟ್ಸ್ ಫೈಲ್ (ಜಾಲತಾಣದ ಹೆಸರಿಗೆ ವಿಳಾಸ ಹೇಳುವ ವಿಂಡೋಸ್ ಫೈಲ್) ಸೇವ್ ಆಗುತ್ತಿಲ್ಲ. 32 ಬಿಟ್ ಆಗಿದ್ದಕ್ಕಾ?

32 ಬಿಟ್ ಪ್ರೋಗ್ರಾಂಗಳನ್ನು ವಿಂಡೋಸ್ ಸಿಸ್ಟಂ32ರಿಂದ ಬೇರೆ ಫೋಲ್ಡರ್‌ಗೆ ತಿರುಗಿಸುವುದು ನಿಜ, ಆದರೆ ಹೋಸ್ಟ್ಸ್ ಇರುವ ಜಾಗಕ್ಕೆ ಅದರಿಂದ ವಿನಾಯಿತಿ ಇದೆ. ಕೊರತೆ ಅನುಮತಿಯದು, ನೋಟ್‌ಪ್ಯಾಡ್++ ಅನ್ನು ಅಡ್ಮಿನ್ ಆಗಿ ತೆರೆಯಿರಿ.

ಪ್ರಶ್ನೆ: ಆಫೀಸಿನಲ್ಲಿ ಪೆನ್‌ಡ್ರೈವ್ ಹಾಕಿದರೆ ನಿನ್ನೆ ತೆರೆದಿದ್ದ ಟ್ಯಾಬ್‌ಗಳು ಬರುವುದಿಲ್ಲ.

ಸೆಶನ್ ಫೈಲಿನಲ್ಲಿ ಡ್ರೈವ್ ಅಕ್ಷರದ ಸಮೇತ ಪೂರ್ತಿ ಪಾತ್ ಬರೆದಿರುತ್ತದೆ. ಮನೆಯಲ್ಲಿ ಇ, ಆಫೀಸಿನಲ್ಲಿ ಎಫ್ ಆದರೆ ಎಲ್ಲಿಂದ ಬರಬೇಕು? ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಎರಡೂ ಕಡೆ ಒಂದೇ ಅಕ್ಷರ ಕೊಡಿ. ಸೇವ್ ಮಾಡದ ಟ್ಯಾಬ್‌ಗಳನ್ನು ನಂಬಿ ಪೆನ್‌ಡ್ರೈವ್ ಕೀಳಬೇಡಿ.

ಪ್ರಶ್ನೆ: ಆರ್ಮ್ ಲ್ಯಾಪ್‌ಟಾಪಿನಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ. ಪ್ರೊಸೆಸರ್ ಸಮಸ್ಯೆಯಾ?

ಪಾಪ, ಪ್ರೊಸೆಸರ್ ಏನು ಮಾಡಿತು? ಪ್ರಿಫರೆನ್ಸಸ್‌ನ ಮಿಸ್ಕ್ ಪುಟದಲ್ಲಿ ಡೈರೆಕ್ಟ್‌ರೈಟ್ (ವಿಂಡೋಸ್ ಅಕ್ಷರ ಮೂಡಿಸುವ ಒಂದು ವಿಧಾನ) ಆನ್ ಮಾಡಿ, ನೋಟ್‌ಪ್ಯಾಡ್++ ಮುಚ್ಚಿ ತೆರೆಯಿರಿ. ಸ್ಟೈಲ್ ಕಾನ್ಫಿಗರೇಟರ್‌ನಲ್ಲಿ ಡಿಫಾಲ್ಟ್ ಸ್ಟೈಲಿಗೆ ನಿರ್ಮಲಾ ಯುಐ ಫಾಂಟ್ ಕೊಡಿ, ವಿಂಡೋಸ್ ಜೊತೆಗೇ ಬರುತ್ತದೆ. ನೀವಾಗಿ ಹಾಕಿಕೊಂಡ ಫಾಂಟ್‌ಗಳು ಪೋರ್ಟಬಲ್ ಫೋಲ್ಡರಿನ ಜೊತೆ ಬರುವುದಿಲ್ಲ, ಹೊಸ ಮೆಷಿನ್ನಿನಲ್ಲಿ ಬೇರೆ ಹಾಕಬೇಕು. ಎನ್‌ಕೋಡಿಂಗ್ ಯುಟಿಎಫ್‌-8 ಇರಲಿ. ಆನ್ಸಿಯಲ್ಲಿ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಹಳೆಯ ನುಡಿ ಆಸ್ಕಿ ಫೈಲ್ ಆಗಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ನನ್ನನ್ನು ಕೇಳಿ.

ಪ್ರಶ್ನೆ: ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಪ್ಲಗಿನ್ ಸೇರಿಸಿದ "ಪ್ರೊ ಪೋರ್ಟಬಲ್" ಸಿಕ್ಕಿತು. ಹಾಕಬಹುದಾ?

ಪ್ರೊ ಅಂತ ಒಂದು ಇಲ್ಲವೇ ಇಲ್ಲ. 2003ರಿಂದ ನೋಟ್‌ಪ್ಯಾಡ್++ ಬರೆದ ಡಾನ್ ಹೋ ಇದನ್ನು ಬಿಟ್ಟಿಯಾಗಿ, ಮೂಲ ಕೋಡ್ ಸಮೇತ ಕೊಡುತ್ತಿದ್ದಾರೆ, ಬಿಟ್ಟಿ ಸಿಗುವುದನ್ನು ಕ್ರ್ಯಾಕ್ ಮಾಡುವುದು ಏನು? 2017ರಲ್ಲಿ ಸೋರಿಕೆಯಾದ ಸಿಐಎ ಕಡತಗಳಲ್ಲಿ ಇದೇ ನೋಟ್‌ಪ್ಯಾಡ್++ ಪಕ್ಕ ಒಂದು ನಕಲಿ ಡಿಎಲ್‌ಎಲ್ ಇಟ್ಟು ಓಡಿಸುವ ಉಪಾಯ ಇತ್ತು. 7.3.3ರಲ್ಲಿ ಅದಕ್ಕೆ ತಡೆ ಹಾಕಿದರು. ಇಷ್ಟಾದ ಮೇಲೂ ಯಾರೋ ಕಟ್ಟಿಕೊಟ್ಟ ಡಿಎಲ್‌ಎಲ್ ಮೂಟೆಯನ್ನು ಆಫೀಸಿನ ಮೆಷಿನ್ನಿಗೆ ಚುಚ್ಚುತ್ತೀರಿ ಅಂದರೆ ನಿಮ್ಮಿಷ್ಟ. ನಿಜವಾದದ್ದನ್ನು ಇಟ್ಟುಕೊಂಡವರೂ 8.8.9ಕ್ಕಿಂತ ಹಳೆಯದರಲ್ಲಿದ್ದರೆ ಅದರೊಳಗಿನ ಅಪ್‌ಡೇಟರ್ ಒತ್ತಬೇಡಿ, ಅಧಿಕೃತ ಜಾಲತಾಣದಿಂದ ಝಿಪ್ ಇಳಿಸಿ. ಇಳಿಸಿದ ಫೈಲಿನ ಸಹಿ ಮತ್ತು ಸರ್ಟಿಫಿಕೇಟನ್ನು ಅಪ್‌ಡೇಟರ್ ಸರಿಯಾಗಿ ಪರೀಕ್ಷಿಸುವಂತೆ ಬಿಗಿ ಮಾಡಿದ್ದು ಆ ಆವೃತ್ತಿಯಲ್ಲಿ.

ಪ್ರಶ್ನೆ: ರೈಟ್ ಕ್ಲಿಕ್ಕಿನಲ್ಲಿ ನೋಟ್‌ಪ್ಯಾಡ್++ ಬರುತ್ತಿಲ್ಲ.

ಪೋರ್ಟಬಲ್ ಅಲ್ವಾ, ಬರುವುದಿಲ್ಲ. ಸೆಂಡ್ ಟು ಫೋಲ್ಡರಿನಲ್ಲಿ ಶಾರ್ಟ್‌ಕಟ್ ಇಡಿ.

ಪ್ರಶ್ನೆ: ನಮ್ಮ ಪ್ರೆಸ್ಸಿನಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇದೆ. ಯಾವುದು ಹಾಕಲಿ?

7.9.2, 32 ಬಿಟ್. ಎಕ್ಸ್‌ಪಿಗೆ ಅದೇ ಕೊನೆಯದು. ಹಾಕಿ, ಇಂಟರ್ನೆಟ್ ವೈರ್ ಕಿತ್ತಿಡಿ.