ಸ್ಟಾರ್ ಟ್ರೆಕ್‌ನ ವಲ್ಕನ್ ಗ್ರಹ ನಿಜವಾಗಿಯೂ ಇದೆಯೇ? ಬೆಂಗಳೂರಿನಿಂದ ಅದರ ಸೂರ್ಯನನ್ನು ನೋಡಬಹುದೇ?

ಗ್ರಹ ಕಲ್ಪಿತ, ಆದರೆ ಅದಕ್ಕೆ ಗೊತ್ತುಪಡಿಸಿದ ಸೂರ್ಯ ಕಲ್ಪಿತವಲ್ಲ. ಧಾರಾವಾಹಿಯ ಪಾತ್ರ ಸ್ಪಾಕ್‌ನ ತವರಾದ ವಲ್ಕನ್ 40 ಎರಿಡಾನಿ ಎಂಬ ನಕ್ಷತ್ರವನ್ನು ಸುತ್ತುತ್ತದೆಂದು ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ 1991ರಲ್ಲಿ ಮೂವರು ಖಗೋಳವಿಜ್ಞಾನಿಗಳೊಂದಿಗೆ ಬರೆದ ಪತ್ರವೊಂದರಲ್ಲಿ ಸಮರ್ಥಿಸಿದ್ದರು. ಇನ್ನೊಂದು ಅಭ್ಯರ್ಥಿಯಾಗಿದ್ದ ಎಪ್ಸಿಲಾನ್ ಎರಿಡಾನಿಗೆ ಸುಮಾರು 100 ಕೋಟಿ ವರ್ಷವಷ್ಟೇ ವಯಸ್ಸಾದ್ದರಿಂದ, ಅಲ್ಲಿ ಬುದ್ಧಿಜೀವಿಗಳು ವಿಕಾಸಗೊಳ್ಳಲು ಕಾಲ ಸಾಲದು ಎಂಬುದು ಅವರ ವಾದವಾಗಿತ್ತು. ಕತೆಯೊಂದಕ್ಕೆ ಇಷ್ಟು ಶಿಸ್ತಿನ ತರ್ಕ ಒದಗುವುದು ಅಪರೂಪ.

ಭೂಮಿಯಿಂದ ಸುಮಾರು 16 ಜ್ಯೋತಿರ್ವರ್ಷ ದೂರದಲ್ಲಿರುವ 40 ಎರಿಡಾನಿ ಮೂರು ನಕ್ಷತ್ರಗಳ ಕುಟುಂಬ: ಸೂರ್ಯನಿಗಿಂತ ತುಸು ತಂಪಾದ ಕಿತ್ತಳೆ ಬಣ್ಣದ ಮುಖ್ಯ ನಕ್ಷತ್ರ, ಮತ್ತು ಬಹುದೂರದಲ್ಲಿ ಒಂದನ್ನೊಂದು ಸುತ್ತುವ ಶ್ವೇತಕುಬ್ಜ (ಉರಿದು ಮುಗಿದ ನಕ್ಷತ್ರದ ಪುಟ್ಟ ತಿರುಳು) ಹಾಗೂ ಕೆಂಪುಕುಬ್ಜ (ಚಿಕ್ಕ, ತಂಪಾದ ಕೆಂಪು ನಕ್ಷತ್ರ). ವಲ್ಕನ್ನರ ಇರುಳಿನಲ್ಲಿ ಇವೆರಡೂ ಉಜ್ಜ್ವಲ ಚುಕ್ಕಿಗಳಾಗಿ ಹೊಳೆಯಬೇಕು.

2018ರಲ್ಲಿ ಮುಖ್ಯ ನಕ್ಷತ್ರವನ್ನು 42 ದಿನಗಳಿಗೊಮ್ಮೆ ಸುತ್ತುವ ಗ್ರಹ ಸಿಕ್ಕಿತೆಂಬ ಸುದ್ದಿ ಅಭಿಮಾನಿಗಳನ್ನು ಕುಣಿಸಿತು. 2024ರ ವಿಶ್ಲೇಷಣೆ ಅದನ್ನು ಅಳಿಸಿಹಾಕಿತು: ಕಂಡದ್ದು ಗ್ರಹದ ಸೆಳೆತವಲ್ಲ, ಸುಮಾರು ಅಷ್ಟೇ ದಿನಗಳಲ್ಲಿ ತನ್ನ ಸುತ್ತ ತಿರುಗುವ ನಕ್ಷತ್ರದ ಮೇಲ್ಮೈಯ ಚಟುವಟಿಕೆ.

ನೋಡಬಯಸುವವರು ಡಿಸೆಂಬರ್ ಕೊನೆಯಲ್ಲಿ ರಾತ್ರಿ 10ರ ಹೊತ್ತಿಗೆ ಮಹಾವ್ಯಾಧ ಪುಂಜದ ರೈಜೆಲ್ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ಪಶ್ಚಿಮಕ್ಕೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಸರಿಯಬೇಕು. ಅಲ್ಲಿರುವ 40 ಎರಿಡಾನಿಯ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಸುಮಾರು 4.4, ಜಯನಗರದ ತಾರಸಿಯಿಂದ ಬೈನಾಕ್ಯುಲರ್ ಬೇಕಾದೀತು, ನಗರದ ಬೆಳಕು ದಾಟಿದರೆ ಬರಿಗಣ್ಣೇ ಸಾಕು.