ಸಿಂಗಾಪುರದಂಥ ಬಿಸಿಲಿನ ದ್ವೀಪ ನಗರ ಚಳಿಗಾಲದ ಒಲಿಂಪಿಕ್ಸ್ ನಡೆಸಬಹುದೇ?

ಅರ್ಧ ನಡೆಸಬಹುದು. ಐಸ್ ಹಾಕಿ, ಫಿಗರ್ ಸ್ಕೇಟಿಂಗ್, ಕರ್ಲಿಂಗ್ (ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ) ಎಲ್ಲ ಸೂರಿನಡಿ ನಡೆಯುವ ಆಟಗಳು. ನೆಲದಡಿ ತಣ್ಣಗಿನ ದ್ರವ ಹರಿಯುವ ಪೈಪು ಹಾಕಿ, ಒಳಗಿನ ಗಾಳಿಯ ತೇವ ತೆಗೆದರೆ ಸಮಭಾಜಕದ ಪಕ್ಕದಲ್ಲೂ ಮಂಜುಗಡ್ಡೆ ನಿಲ್ಲುತ್ತದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ಅಷ್ಟೇ.

ದೊಡ್ಡ ತೊಂದರೆ ಬೆಟ್ಟದ್ದು. ಹಿಮವನ್ನು ಯಂತ್ರದಿಂದಲೂ ಮಾಡಬಹುದು. 2022ರ ಬೀಜಿಂಗ್ ಕೂಟ ಹೆಚ್ಚುಕಡಿಮೆ ಪೂರ್ತಿ ಕೃತಕ ಹಿಮದ ಮೇಲೆಯೇ ನಡೆಯಿತು. ಆದರೆ ಅಲ್ಲಿ ಹೊರಗೆ ಕೊರೆಯುವ ಚಳಿ ಇತ್ತು. ಬೆಟ್ಟವನ್ನು ಯಾವ ಯಂತ್ರ ಮಾಡೀತು? ಪುರುಷರ ಡೌನ್‌ಹಿಲ್ ಸ್ಕೀಯಿಂಗ್‌ನಲ್ಲಿ ಶುರುವಿನಿಂದ ಕೊನೆಗೆ ಕನಿಷ್ಠ 800 ಮೀಟರ್ ಕೆಳಗಿಳಿಯಬೇಕು. ಸಿಂಗಾಪುರದ ಅತಿ ಎತ್ತರದ ಗುಡ್ಡ ಬುಕಿಟ್ ತಿಮಾ ಸುಮಾರು 164 ಮೀಟರ್. ದುಬೈನ ಮಾಲ್ ಆಫ್ ದಿ ಎಮಿರೇಟ್ಸ್‌ನೊಳಗಿನ ಸ್ಕೀ ಇಳಿಜಾರು ಉದ್ದದಲ್ಲೇ ಬರೀ 400 ಮೀಟರ್. ಮಕ್ಕಳಿಗೆ ಖುಷಿ, ಒಲಿಂಪಿಕ್ಸ್‌ಗೆ ಸಾಲದು.

'ತಾಳೆ ಮರಗಳಿರುವ ರಷ್ಯಾದ ಸೋಚಿಯಲ್ಲಿ 2014ರಲ್ಲಿ ನಡೆಯಲಿಲ್ವಾ?' ಅಂತ ಕೇಳಬಹುದು. ನಡೆಯಿತು, ಆದರೆ ಊರಿನ ಬೆನ್ನಿಗೇ ಕಾಕಸಸ್ ಪರ್ವತಗಳಿವೆ. ಹಿಮದ ಆಟಗಳೆಲ್ಲ ಮೇಲೆ ಕ್ರಾಸ್ನಾಯಾ ಪೊಲ್ಯಾನಾದಲ್ಲಿ ನಡೆದವು.

ಒಂದು ದಾರಿ ಇದೆ: ಹಿಮದ ಆಟಗಳನ್ನು ಬೇರೆ ದೇಶಕ್ಕೆ ಕಳಿಸುವುದು. 2026ರ ಕೂಟಕ್ಕೆ ಬಿಡ್ ಹಾಕಿದ್ದ ಸ್ವೀಡನ್‌ನ ಸ್ಟಾಕ್‌ಹೋಮ್, ಬಾಬ್‌ಸ್ಲೆಡ್ (ಮಂಜುಗಡ್ಡೆಯ ಜಾಡಿನಲ್ಲಿ ಜಾರುಬಂಡಿ ಓಡಿಸುವ) ಸ್ಪರ್ಧೆಯನ್ನು ಲಾಟ್ವಿಯಾದ ಸಿಗುಲ್ಡಾದಲ್ಲಿ ಮಾಡುವುದಾಗಿ ಹೇಳಿತ್ತು. ಪ್ಯಾರಿಸ್ ಕೂಡ 2024ರ ಸರ್ಫಿಂಗ್ ಅನ್ನು ಫ್ರಾನ್ಸ್‌ಗೇ ಸೇರಿದ, ಆದರೆ ತುಂಬಾ ದೂರದ ತಾಹಿತಿ ದ್ವೀಪಕ್ಕೆ ಕಳಿಸಿತು. ಆದರೆ ಅರ್ಧ ಆಟ ಬೇರೆಯವರ ಬೆಟ್ಟದಲ್ಲಿ ನಡೆಯುವುದಾದರೆ, ಸ್ವಂತ ಬೆಟ್ಟ ಇರುವ ಊರನ್ನು ಬಿಟ್ಟು ನಿಮ್ಮನ್ನು ಯಾಕೆ ಆರಿಸುತ್ತಾರೆ, ಅಲ್ವಾ?